ಎಡಕ್ಕೆ ಸರಿದ ಗುರಿ

ಪಿಸ್ತೂಲು ಶೂಟಿಂಗಿನ ಆಯ್ಕೆ ಸ್ಪರ್ಧೆಯಲ್ಲಿ ಗೆದ್ದೇ ಗೆಲ್ಲುತ್ತಾಳೆ ಎಂದು ಎಲ್ಲರೂ ಅಂದುಕೊಂಡಿದ್ದ ಹುಡುಗಿ ಕೊನೆಯವಳಾದಳು. ಗುರಿಹಾಳೆಯ ನಡುಭಾಗ ಖಾಲಿ. ತೂತುಗಳೆಲ್ಲ ಎಡಗಡೆ — ಒಂದಕ್ಕೊಂದು ಅಂಟಿಕೊಂಡಂತೆ.

ಅವಳ ಕೋಚ್ ಅವಳ ಅಪ್ಪನೇ. ಪಿಸ್ತೂಲನ್ನು ಬೆಳಕಿಗೆ ಹಿಡಿದು ನೋಡಿದ. ಗುರಿ ಹಿಡಿಯಲು ಅದರ ಹಿಂಬದಿಯಲ್ಲಿರುವ ಸೈಟಿನ ತಿರುಪನ್ನು ಯಾರೋ ತಿರುಗಿಸಿದ್ದರು.

ಸಂಜೆಯೊಳಗೆ ಶೂಟಿಂಗ್ ರೇಂಜಿನ ಪಿಸ್ತೂಲು ರಿಪೇರಿ ಮೇಸ್ತ್ರಿಯನ್ನು ಕೆಲಸದಿಂದ ನಿಲ್ಲಿಸಿದರು. ಪಿಸ್ತೂಲುಗಳ ಕಪಾಟಿನ ಬೀಗದ ಕೈ ಇದ್ದದ್ದು ಅವನ ಹತ್ತಿರ.

ವಿಚಾರಣೆ ರೇಂಜಿನ ಸಮಿತಿಯಲ್ಲಿದ್ದ ನಿವೃತ್ತ ಪೊಲೀಸ್ ಇನ್ಸ್‌ಪೆಕ್ಟರಮ್ಮನ ಹೆಗಲಿಗೆ ಬಿತ್ತು. ಬೇಡವೆನ್ನಲೂ ಬೇಜಾರಾಗಿ ಅವರು ಒಪ್ಪಿಕೊಂಡಿದ್ದರು.

"ಕೋಚ್ ಜೊತೆ ಜಗಳ ಆಗಿತ್ತಂತೆ?"

"ಆಗಿತ್ತು ಮೇಡಂ," ಎಂದ ಮೇಸ್ತ್ರಿ. "ಹುಡುಗಿ ನಿಂತಲ್ಲೇ ತೂಕಡಿಸ್ತಿದ್ಲು. ಸ್ವಲ್ಪ ಬಿಡುವು ಕೊಡಿ ಅಂದೆ. ನಿನ್ನ ಕೆಲಸ ನೀನು ನೋಡ್ಕೋ ಅಂದ್ರು."

"ಆ ಸಿಟ್ಟಿಗೆ ತಿರುಪು ತಿರುಗಿಸಿದ್ರಾ?"

"ಇಲ್ಲ. ಬೆಳಿಗ್ಗೆ ಪಿಸ್ತೂಲು ತೆಗೆದು ಬೆಂಚಿನ ಮೇಲಿಟ್ಟೆ. ಸ್ಪರ್ಧೆಗೆ ಬಂದೋರೆಲ್ಲ ಅಲ್ಲೇ ಓಡಾಡ್ತಿದ್ರು. ಯಾರನ್ನ ಅಂತ ಹೇಳಲಿ?"

ಕೋಚ್‌ನ ಮನೆಯ ಪಡಸಾಲೆಯ ಗೋಡೆಯಲ್ಲೊಂದು ಕಪ್ಪು ಚುಕ್ಕೆ. ಅದರೆದುರಿನ ನೆಲ ಸವೆದಿತ್ತು.

"ದಿನಾ ಇಲ್ಲೇ, ಗುಂಡಿಲ್ಲದ ಪಿಸ್ತೂಲು ಹಿಡಿದು ಅಭ್ಯಾಸ," ಎಂದ ಅಪ್ಪ. "ಕಣ್ಣು ಸೈಟಿನ ಮೇಲೆ. ಟ್ರಿಗರ್ ಮೆಲ್ಲಗೆ ಒತ್ತಬೇಕು, ಜಗ್ಗಬಾರದು. ಚಿಕ್ಕೋಳಿದ್ದಾಗಿಂದ ಒಂದು ದಿನಾನೂ ತಪ್ಪಿಸಿಲ್ಲ."

"ಅವಳಾ, ನೀವಾ?"

ಅವನಿಗೆ ಪ್ರಶ್ನೆ ಅರ್ಥವಾಗಲಿಲ್ಲ. "ಕೈ ಜಗ್ಗಿದ್ರೆ ಗುಂಡು ಚೆಲ್ಲಾಪಿಲ್ಲಿ ಬೀಳ್ತಿತ್ತು ಮೇಡಂ. ಇವು ಎಲ್ಲಾ ಒಂದೇ ಕಡೆ. ತಪ್ಪು ಪಿಸ್ತೂಲಿನದು, ನನ್ನ ಮಗಳದಲ್ಲ."

"ಅಂಕ ಎಣಿಸೋಕೆ ಮೊದಲು ಪರೀಕ್ಷೆಗೆ ಅಂತ ನಾಲ್ಕಾರು ಗುಂಡು ಹೊಡೆಯೋಕೆ ಬಿಡ್ತಾರಲ್ವಾ?"

"ಬಿಡ್ತಾರೆ. ಸೈಟ್ ಸರಿ ಮಾಡ್ಕೊಳ್ಳೋಕೇ ಅದು. ಆ ಮೇಸ್ತ್ರಿ ಇದಾನಲ್ಲ —"

ಅವನ ಮಾತು ಮುಂದುವರಿಯಿತು. ಇನ್ಸ್‌ಪೆಕ್ಟರಮ್ಮ ಬಾಗಿಲ ಬಳಿ ನಿಂತಿದ್ದ ಮಗಳನ್ನು ನೋಡಿದರು. ಅವಳು ನೆಲ ನೋಡುತ್ತಿದ್ದಳು.

ಮರುದಿನ ರೇಂಜಿನ ಆಫೀಸಿಗೆ ಮೂವರನ್ನೂ ಕರೆಸಿದರು.

"ಗುಂಡು ಎಡಕ್ಕೆ ಬಿದ್ರೆ ಏನು ಮಾಡಬೇಕು?"

"ತಿರುಪು ತಿರುಗಿಸಿ ಸೈಟನ್ನ ಬಲಕ್ಕೆ ಸರಿಸಬೇಕು," ಎಂದ ಕೋಚ್. "ಹೊಸಬರಿಗೂ ಗೊತ್ತಿರೋ ವಿಷಯ."

"ಬೆಂಚಿನ ಮೇಲಿದ್ದಾಗಲೇ ಯಾರಾದ್ರೂ ತಿರುಗಿಸಿದ್ರೆ, ಪರೀಕ್ಷೆಯ ಮೊದಲ ಗುಂಡಲ್ಲೇ ನಿಮ್ಮ ಮಗಳಿಗೆ ಗೊತ್ತಾಗ್ತಿತ್ತು. ಸರಿ ಮಾಡ್ಕೊಳ್ತಿದ್ಲು. ಮಾಡ್ಕೊಳ್ಳಲಿಲ್ಲ. ಇಲ್ಲಾ, ಪರೀಕ್ಷೆ ಮುಗಿದ ಮೇಲೆ ತಿರುಗಿಸಿದಾರೆ — ಆದ್ರೆ ಆಮೇಲೆ ಪಿಸ್ತೂಲು ಇದ್ದದ್ದು ಒಬ್ಬಳ ಕೈಯಲ್ಲಿ ಮಾತ್ರ. ಹೇಗೆ ನೋಡಿದ್ರೂ ಅವಳೇ."

ಕೋಚ್ ಮಗಳ ಕಡೆ ತಿರುಗಿದ.

"ಹೌದು ಅಪ್ಪ. ನಾನೇ," ಎಂದಳು ಮಗಳು.

"ಶೂಟಿಂಗ್ ಬೇಡ ಅಂತ ಒಂದು ಮಾತು ಹೇಳಿದ್ರೆ —"

"ಹೇಳಿದ್ದೆ. ನಾಳೆ ಸರಿಹೋಗುತ್ತೆ ಅಂದೆ ನೀನು. ಪ್ರತಿಸಲ."

"ಬೇಕಂತಲೇ ತಪ್ಪಾಗಿ ಹೊಡೀಬಹುದಿತ್ತಲ್ಲ?" ಎಂದರು ಇನ್ಸ್‌ಪೆಕ್ಟರಮ್ಮ.

"ಹಾಗೂ ಮಾಡಿ ನೋಡಿದೆ ಮೇಡಂ. ಕೈ ಕೇಳಲ್ಲ. ಅದಕ್ಕೆ ತಪ್ಪು ಹೊಡೆಯೋದೇ ಮರೆತುಹೋಗಿದೆ." ಮೇಸ್ತ್ರಿಯ ಕಡೆ ತಿರುಗಿದಳು. "ಅಣ್ಣ, ಅಪವಾದ ನಿಮ್ಮ ತಲೆಗೆ ಬರುತ್ತೆ ಅಂತ ಹೊಳೀಲಿಲ್ಲ. ಬಂದ ಮೇಲೂ ಬಾಯಿ ಬಿಡಲಿಲ್ಲ. ತಪ್ಪಾಯ್ತು."

ಮೇಸ್ತ್ರಿ ತಲೆಯಾಡಿಸಿದ, ಅಷ್ಟೆ. ಅವನಿಗೆ ಕೆಲಸ ವಾಪಸಾಯಿತು. ಹುಡುಗಿಯನ್ನು ಮುಂದಿನ ಸ್ಪರ್ಧೆಗಳಿಂದ ಹೊರಗಿಡುವುದಾಗಿ ಇನ್ಸ್‌ಪೆಕ್ಟರಮ್ಮ ಹೇಳಿದಾಗ ಅವಳು ಮೆಲ್ಲಗೆ ಉಸಿರು ಬಿಟ್ಟಳು.

ಎಲ್ಲರೂ ಎದ್ದರೂ ಅಪ್ಪ ಕುಳಿತೇ ಇದ್ದ.

"ಹಾಗಾದ್ರೆ ನಾಳೆ ಬೆಳಿಗ್ಗೆ ಏನು ಮಾಡ್ತೀಯ?" ಎಂದು ಕೇಳಿದ. ವ್ಯಂಗ್ಯವಿರಲಿಲ್ಲ. ಅವನಿಗೆ ನಿಜಕ್ಕೂ ಗೊತ್ತಿರಲಿಲ್ಲ.

"ಮಲಗಿರ್ತೀನಿ ಅಪ್ಪ."

ಅವನು ಕುರ್ಚಿಯಿಂದ ಎದ್ದ.

"ಸರಿ," ಎಂದ. "ಎಬ್ಬಿಸಲ್ಲ."