ತೇಲದ ಬಾತುಕೋಳಿ

ಇದನ್ನು ನನಗಿಂತ ಚೆನ್ನಾಗಿ ಹೇಳಬಲ್ಲವರು ಇದ್ದೇ ಇರುತ್ತಾರೆ. ಆದರೂ ನಾನೇ ಹೇಳಹೊರಟಿದ್ದೇನೆ, ಮಕ್ಕಳೇ, ಕ್ಷಮಿಸಿ. ಎಲ್ಲಾದರೂ ಎಡವಿದರೆ ತಪ್ಪು ನನ್ನದು, ಭಾರ್ಗವಿಯದಲ್ಲ.

ಬಾತುಕೋಳಿ ಮುಳುಗುತ್ತಿತ್ತು.

ಸ್ಕೂಲಿನಿಂದ ಬರುತ್ತಿದ್ದ ಭಾರ್ಗವಿ ಬ್ಯಾಗು ಹೊತ್ತುಕೊಂಡೇ ಹೊಂಡದ ಅಂಚಿನಲ್ಲಿ ನಿಂತುಬಿಟ್ಟಳು. ಬಾತುಕೋಳಿ ಎಲ್ಲಾದರೂ ಮುಳುಗುತ್ತದೆಯೇ? ಆದರೆ ಇದರ ಬೆನ್ನು ಆಗಲೇ ನೀರೊಳಗಿತ್ತು. ಕತ್ತು ಮಾತ್ರ ಮೇಲೆ ಚಾಚಿಕೊಂಡಿತ್ತು. ರೆಕ್ಕೆ ಬಡಿಯಲು ನೋಡಿತು, ಆಗಲಿಲ್ಲ. ರೆಕ್ಕೆ ಮೈಗೆ ಅಂಟಿಕೊಂಡಿತ್ತು. ಸುತ್ತ ನೀರಿನ ಮೇಲೆ ನೀಲಿ, ನೇರಳೆ, ಹಳದಿ ಬಣ್ಣಗಳು ನಿಧಾನವಾಗಿ ತಿರುಗುತ್ತಿದ್ದವು.

ಆ ಬಣ್ಣ ಎಲ್ಲಿಂದ ಬಂತೆಂದು ಉರಿಗಾಂನ ಗಣಿ ಸಾಲುಮನೆಗಳಲ್ಲಿ ಗೊತ್ತಿದ್ದದ್ದು ಅವಳೊಬ್ಬಳಿಗೇ.

ಹಿಂದಿನ ದಿನ ಭಾನುವಾರ. ಅಮ್ಮ ಡೆಂಗಿ ಜ್ವರದಿಂದ ಎದ್ದು ವಾರವಾಗಿತ್ತಷ್ಟೆ. ಸೊಳ್ಳೆಯ ಸದ್ದು ಕೇಳಿದರೆ ಭಾರ್ಗವಿಗೆ ಭಯ. ಪಕ್ಕದ ಮನೆಯ ಮುನಿರತ್ನಮ್ಮ ಅಜ್ಜಿ ಅದನ್ನು ನೋಡಿ ಹಳೆಯ ಮಾತೊಂದು ತೆಗೆದಿದ್ದರು. ಅಜ್ಜಿಯ ಗಂಡ ಚಾಂಪಿಯನ್ ರೀಫ್ಸ್ ಚಿನ್ನದ ಗಣಿಯಲ್ಲಿ ದುಡಿದವರು. ಆ ಕಾಲದಲ್ಲಿ ಗಣಿಯ ಆಳುಗಳು ಬಂದು ಮೋರಿಗೂ ಹೊಂಡಕ್ಕೂ ಎಣ್ಣೆ ಬಿಡುತ್ತಿದ್ದರಂತೆ. ಸೊಳ್ಳೆಮರಿಗಳು ಉಸಿರುಕಟ್ಟಿ ಸಾಯುತ್ತಿದ್ದವಂತೆ.

ಎಣ್ಣೆ ಭಾರ್ಗವಿಯ ಮನೆಯಲ್ಲೇ ಇತ್ತು. ಅಪ್ಪ ಶಿವಪ್ರಸಾದ್, ಫ್ಯಾಕ್ಟರಿಯೊಂದರಲ್ಲಿ ಕೆಲಸ ಮಾಡುವವರು. ತಮ್ಮ ಹಳೆಯ ಕಾರಿನ ಇಂಜಿನ್ ಆಯಿಲನ್ನು ತಾವೇ ಬದಲಾಯಿಸುತ್ತಾರೆ. ತೆಗೆದ ಕಪ್ಪು ಆಯಿಲನ್ನು ಕ್ಯಾನಿಗೆ ತುಂಬಿ ಬಚ್ಚಲ ಹಿಂದೆ ಇಟ್ಟಿದ್ದರು. ಮುಂದಿನ ಭಾನುವಾರ ಗ್ಯಾರೇಜಿಗೆ ಕೊಡುತ್ತೇನೆ ಅನ್ನುತ್ತಲೇ ಮೂರು ಭಾನುವಾರ ಕಳೆದಿದ್ದವು.

ಭಾರ್ಗವಿ ಅದರಲ್ಲಿ ಅರ್ಧ ಕ್ಯಾನ್ ಆಯಿಲನ್ನು ಮನೆಯ ಹಿಂದಿನ ಹೊಂಡಕ್ಕೆ ಸುರಿದಿದ್ದಳು. ಕಪ್ಪು ಎಣ್ಣೆ ಹರಡಿಕೊಂಡು ಬಣ್ಣಬಣ್ಣವಾಯಿತು. ಚೆಂದ ಕಂಡಿತ್ತು. ಇನ್ನು ಅಮ್ಮನಿಗೆ ಜ್ವರ ಬರುವುದಿಲ್ಲ ಅಂದುಕೊಂಡಿದ್ದಳು.

ಅಜ್ಜಿಯ ನಾಲ್ಕು ಬಾತುಕೋಳಿಗಳು ದಿನಾ ಹೋಗುತ್ತಿದ್ದದ್ದು ದೂರದ ಕೆರೆಗೆ. ಆದರೆ ಈವತ್ತು ಅಜ್ಜಿ ಬೆಳಿಗ್ಗೆಯೇ ಬಂಗಾರಪೇಟೆಗೆ, ಮಗಳ ಮನೆಗೆ ಹೋಗಿದ್ದರು. ಹೊಡೆದುಕೊಂಡು ಹೋಗುವವರಿಲ್ಲದೆ ಅವು ಹತ್ತಿರದ ಹೊಂಡಕ್ಕೇ ಬಂದಿದ್ದವು.

ಭಾರ್ಗವಿ ಬ್ಯಾಗು ಬಿಸಾಕಿ ನೀರಿಗಿಳಿದಳು. ಹೊಂಡದ ನೀರು ಮೊಣಕಾಲುದ್ದವಿತ್ತು. ಬಾತುಕೋಳಿಯನ್ನು ಎರಡೂ ಕೈಯಲ್ಲಿ ಎತ್ತಿ ಎದೆಗೊತ್ತಿಕೊಂಡಳು. ಒದ್ದೆ ಬಟ್ಟೆಯ ಹಾಗೆ ಭಾರವಾಗಿತ್ತು. ಗಡಗಡ ನಡುಗುತ್ತಿತ್ತು. ಉಳಿದ ಮೂರು ದಡದಲ್ಲಿದ್ದವು, ಅವುಗಳ ಕಾಲಿಗಷ್ಟೇ ಎಣ್ಣೆ ಮೆತ್ತಿತ್ತು.

ಅದೇ ಹೊತ್ತಿಗೆ ಅಜ್ಜಿ ಮಗಳ ಮನೆಯಿಂದ ವಾಪಸು ಬಂದರು. ನೀರನ್ನು ನೋಡಿದರು, ಬಾತುಕೋಳಿಯನ್ನು ನೋಡಿದರು. ಕೈಯಲ್ಲಿದ್ದ ಚೀಲ ಜಾರಿ ಬಿತ್ತು.

"ಆಟೋ ತೊಳಿಯಾಕೆ ಬತ್ತಾರಲ್ಲ, ಅವ್ರದೇ ಕೆಲ್ಸ ಇದು" ಎಂದರು. "ಯಾವನು ಅಂತ ಗೊತ್ತಾಗ್ಲಿ, ಅವನ ಮನೆ ಮುಂದೆ ಓಗಿ ಕೂತ್ಕೊತೀನಿ."

ಭಾರ್ಗವಿ ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಬಾತುಕೋಳಿಯ ಎದೆ ಅವಳ ಅಂಗೈಯಲ್ಲಿ ಟಕಟಕ ಹೊಡೆದುಕೊಳ್ಳುತ್ತಿತ್ತು.

"ಆಟೋದವರಲ್ಲ ಅಜ್ಜಿ. ನಾನು."

"ನೀನಾ?"

"ಸೊಳ್ಳೆ ಸಾಯ್ಲಿ ಅಂತ. ನೀವೇ ಹೇಳಿದ್ರಲ್ಲ, ಎಣ್ಣೆ ಬಿಡ್ತಿದ್ರು ಅಂತ."

ಅಜ್ಜಿ ಅಲ್ಲೇ ದಡದ ಮೇಲೆ ಕೂತರು.

"ಊಂ ಕಣಮ್ಮಣ್ಣಿ, ನಾನೇ ಏಳ್ದೆ" ಎಂದರು. "ಎಣ್ಣೆ ಬಿಟ್ಟಿದ್ದು ನೋಡಿದ್ವಿ. ಆಮ್ಯಾಕೆ ಅದು ಎಲ್ಲಿಗೋಯ್ತು ಅಂತ ನಾವ್ಯಾರೂ ನೋಡ್ಲೇ ಇಲ್ವಲ್ಲ."

ಅಮ್ಮ ಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ಸೋಪು ಕದಡಿ ತಂದರು. ಅಜ್ಜಿ ಹಿಡಿದುಕೊಂಡರು, ಭಾರ್ಗವಿ ಒಂದೊಂದು ಗರಿಯನ್ನೂ ಉಜ್ಜಿದಳು. ಉಳಿದ ಮೂರರ ಕಾಲನ್ನೂ ತೊಳೆದಳು. ಮೂರು ಬೇಸಿನ್ ನೀರು ಕಪ್ಪಾಯಿತು. ನಾಲ್ಕನೆಯ ಬೇಸಿನ್ನಿನದು ಬರೀ ಕಂದುಬಣ್ಣಕ್ಕೆ ತಿರುಗಿತು.

ಸಂಜೆ ಬಂದ ಅಪ್ಪ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಅನ್ನಿಸಿತು ಅವಳಿಗೆ. ಅವರು ಕ್ಯಾನನ್ನು ಎತ್ತಿ ಅಲ್ಲಾಡಿಸಿ, ಮೂರು ವಾರ ಸುಮ್ಮನೆ ಇಟ್ಟುಕೊಂಡವನು ನಾನೇ ಅಲ್ಲವೇ ಎಂದರು, ಅಷ್ಟೆ. ಆಮೇಲೆ ಹಳೆಯ ಗೋಣಿಚೀಲಗಳನ್ನು ತಂದು ಹೊಂಡದ ನೀರಿನ ಮೇಲೆ ಹಾಸಿದರು. ಗೋಣಿ ಎಣ್ಣೆ ಕುಡಿಯಿತು. ಆದಷ್ಟನ್ನು ತೆಗೆದು, ಗೋಣಿಗಳನ್ನು ಪ್ಲಾಸ್ಟಿಕ್ ಚೀಲಕ್ಕೆ ತುಂಬಿ ಬಿಗಿಯಾಗಿ ಕಟ್ಟಿದರು. ನೀರಿನ ಮೇಲೆ ಆಗಲೂ ತೆಳ್ಳಗೆ ಬಣ್ಣವಿತ್ತು.

ಮಾರನೆಯ ದಿನ ಅಪ್ಪ, ಭಾರ್ಗವಿ ಇಬ್ಬರೂ ಕ್ಯಾನು, ಗೋಣಿಗಳನ್ನು ಹಿಡಿದು ರಾಬರ್ಟ್‌ಸನ್‌ಪೇಟೆಯ ಗ್ಯಾರೇಜಿಗೆ ಹೋದರು. ಮೆಕ್ಯಾನಿಕ್ ಆರುಮುಗಂ ಗೋಣಿಗಳನ್ನು ಬೇರೆ ಡಬ್ಬಕ್ಕೆ ಹಾಕಿ, ಮೂಲೆಯಲ್ಲಿದ್ದ ದೊಡ್ಡ ಡ್ರಮ್ಮಿನ ಮುಚ್ಚಳ ತೆಗೆದರು. ಊರಿನ ಹಳೇ ಆಯಿಲೆಲ್ಲ ಇಲ್ಲಿ ಸೇರುತ್ತದೆ, ಲಾರಿ ಬಂದು ಒಯ್ಯುತ್ತದೆ, ಶುದ್ಧಿ ಮಾಡಿ ಮತ್ತೆ ಬಳಸುತ್ತಾರೆ ಎಂದು ವಿವರಿಸಿದರು. ಕ್ಯಾನಿನ ಆಯಿಲನ್ನು ಒಂದು ಹನಿಯೂ ಚೆಲ್ಲದಂತೆ ಡ್ರಮ್ಮಿಗೆ ಸುರಿದರು. ಕ್ಯಾನು ಬೇಗ ಖಾಲಿಯಾಯಿತು.

"ಏನ್ ಪಾಪಾ, ಅರ್ಧಾನೇ ಇದೆ. ಇನ್ನರ್ಧ ಎಲ್ಲಿ?" ಎಂದು ಭಾರ್ಗವಿಯನ್ನು ನಗುತ್ತಾ ಕೇಳಿದರು.

ಭಾರ್ಗವಿ ಕಾಲ ಕೆಳಗಿನ ನೆಲ ನೋಡಿದಳು. ಗಣಿ ಎಷ್ಟು ಆಳ ಎಂದು ಮುನಿರತ್ನಮ್ಮ ಅಜ್ಜಿಗೆ ಬಾಯಿಪಾಠ. ತಾನು ಸುರಿದದ್ದು ಎಷ್ಟು ಆಳಕ್ಕೆ ಇಳಿಯಿತೆಂದು ಯಾರನ್ನು ಕೇಳುವುದು?

ಮೂರು ಬಾತುಕೋಳಿಗಳು ಮತ್ತೆ ಕೆರೆಗೆ ಹೊರಟವು. ನಾಲ್ಕನೆಯದು ಅಜ್ಜಿಯ ಮನೆಯ ರಟ್ಟಿನ ಪೆಟ್ಟಿಗೆಯಲ್ಲಿತ್ತು. ಗರಿಗಳಿಗೆ ಮತ್ತೆ ನೀರು ತಡೆಯುವ ಶಕ್ತಿ ಬರಬೇಕಿತ್ತು. ದಿನಾ ಸಂಜೆ ಭಾರ್ಗವಿ ಅದನ್ನು ನೀರಿನ ಬೇಸಿನ್ನಿನಲ್ಲಿ ಬಿಡುತ್ತಿದ್ದಳು. ಎರಡೂ ಕೈಯನ್ನು ಅದರ ಹೊಟ್ಟೆಯ ಕೆಳಗೇ ಇಟ್ಟುಕೊಂಡು, ಮೆಲ್ಲಗೆ ಒಂದು ಬೆರಳು ಸಡಿಲಿಸಿ ನೋಡುತ್ತಿದ್ದಳು.

ನನಗೆ ತಿಳಿದಿರುವುದು ಇಲ್ಲಿಯವರೆಗೆ. ಅದು ಮತ್ತೆ ತೇಲಿತೋ ಇಲ್ಲವೋ, ಗೊತ್ತಿಲ್ಲ.