ಅಪ್ಪನ ಎಡೆ, ಮಗಳ ರಕ್ತ

“ಹೇಳಿ ಅತ್ತೆ! ಖಾಲಿ ಹೊಟ್ಟೇಲಿ ಇರಬೇಕಾದ ಹುಡುಗಿಗೆ ಬೆಳಬೆಳಿಗ್ಗೆ ಏನು ತಿನ್ನಿಸಿದ್ರಿ?”

ನೇಯ್ದಿ ರಕ್ತ ಪರೀಕ್ಷೆಯ ಕಾಗದವನ್ನು ಅತ್ತೆಯ ಮುಂದೆ ಹಿಡಿದಳು. ಮಗಳು ಸಾಸಿಲ್‌ಗೆ ಹನ್ನೆರಡು ವರ್ಷ, ಎಪ್ಪತ್ತೊಂದು ಕಿಲೋ. ರಕ್ತದಲ್ಲಿ ದೊಡ್ಡವರಿಗೂ ಇರಬಾರದಷ್ಟು ಕೊಬ್ಬು! ‘ಮಗು ಏನಾದರೂ ತಿಂದು ಬಂದಿತ್ತೇ?’ ಎಂದು ಡಾಕ್ಟರಮ್ಮ ಕೇಳಿದಾಗ ಸಾಸಿಲ್ ತಲೆ ತಗ್ಗಿಸಿದ್ದಳು.

ಎಲ್ಮಿ ಅಜ್ಜಿ ತಾನು ಮಲಗಿದ್ದ ಬಲೆಯ ತೂಗುಜೋಲಿಯಲ್ಲಿ ಎದ್ದು ಕುಳಿತಳು. “ತಿನ್ನಿಸೋದೇನು ಬಂತು? ವಿಲ್ಬರ್ತನಿಗೆ ಇಟ್ಟಿದ್ದ ಎಡೆ ಅದು. ಒಂದು ಲೋಟ ಚಾಕೊಲೇಟು, ನಾಲ್ಕು ಸಿಹಿ ಬ್ರೆಡ್ಡು, ಒಂದು ತುಂಡು ಕೋಳಿ ಕಡುಬು. ನನ್ನ ಮಗ ಬಂದು ಸತ್ವವನ್ನೆಲ್ಲ ಉಂಡು ಹೋಗಿದ್ದ. ಉಳಿದಿದ್ದು ಬರೀ ಸಿಪ್ಪೆ! ಸಿಪ್ಪೆ ತಿಂದ್ರೆ ಉಪವಾಸ ಕೆಡುತ್ತೇನೇ?”

ಆ ಊರಿನಲ್ಲಿ ಈ ಮಾತನ್ನು ಅಲ್ಲಗಳೆಯುವವರಿಲ್ಲ. ಸತ್ತವರ ಹಬ್ಬದಲ್ಲಿ ಆತ್ಮಗಳು ಎಡೆಯ ರುಚಿಯನ್ನು ಒಯ್ಯುತ್ತವೆ, ನಮಗೆ ಬಿಡುವುದು ಸಪ್ಪೆ. ಚಿಕ್ಕಂದಿನಲ್ಲಿ ಎಡೆಯ ಬ್ರೆಡ್ಡು ಕಚ್ಚಿ ‘ಹೌದು, ತಾತ ಬಂದಿದ್ದ’ ಎಂದು ಮೈ ಜುಮ್ಮೆನಿಸಿಕೊಂಡವಳು ನೇಯ್ದಿಯೂ ಹೌದು. ಆದರೆ ಎಲ್ಮಿಗೆ ಹಬ್ಬ ವರ್ಷಕ್ಕೊಂದು ಸಲವಲ್ಲ. ನಲವತ್ತೊಂದಕ್ಕೇ ಎದೆ ಹಿಡಿದುಕೊಂಡು ಕುಸಿದ ಮಗನಿಗೆ ಐದು ವರ್ಷದಿಂದ ದಿನವೂ ಎಡೆ... ದಿನವೂ ಅದು ಅವನದೇ ಮುಖ ಹೊತ್ತ ಮೊಮ್ಮಗಳ ಹೊಟ್ಟೆಗೆ!

“ನನ್ನ ಗಂಡನ್ನ ನುಂಗಿದ್ದು ಇದೇ ಕಡುಬಿನ ಹಂದಿಕೊಬ್ಬು, ಇದೇ ಸಕ್ಕರೆ! ಇನ್ನು ಇವಳನ್ನೂ...”

“ಬಾಯಿ ಮುಚ್ಚೇ! ನಿನ್ನ ಕೈಗೆ ಬಿಟ್ಟಿದ್ರೆ ಹುಡುಗಿ ಒಣಗಿ ತೆಂಗಿನ ಗರಿ ಆಗಿರ್ತಿದ್ಳು!” ಎಂದ ಮುದುಕಿ, ಏನೋ ಹೊಳೆದಂತೆ ಮೆತ್ತಗಾದಳು. “ತಪ್ಪು ನಂದೇ ಅನ್ನು. ಒಪ್ಪಿದೆ. ಆ ಚಾಕೊಲೇಟಿಂದಲೇ ಹೀಗೆ ಬಂದಿದೆ. ನೀರೂ ಮುಟ್ಟಿಸದೆ ಇನ್ನೊಂದು ಸಲ ರಕ್ತ ಕೊಡಿಸೋಣ, ಎಲ್ಲ ಸರಿಹೋಗಿರುತ್ತೆ ನೋಡು!”

ವಾರ ಕಳೆಯಿತು. ಮತ್ತೆ ರಕ್ತ ಕೊಟ್ಟರು. ಫಲಿತಾಂಶದ ದಿನ ಅಜ್ಜಿ ಕಸೂತಿಯ ಬಿಳಿ ಅಂಗಿ ತೊಟ್ಟು, ಮದುವೆಗೆ ಹೊರಟವಳಂತೆ ಎಲ್ಲರಿಗಿಂತ ಮುಂದೆ ನಡೆದಳು.

ಡಾಕ್ಟರಮ್ಮ ಕಾಗದವನ್ನು ಎರಡು ಸಲ ಓದಿದರು. “ಕೊಬ್ಬು ಸ್ವಲ್ಪ ಇಳಿದಿದೆ. ಆದರೆ ಈ ಸಾಲು ನೋಡಿ ತಾಯಿ. ಮೈಯೊಳಗೆ ಬೂದಿ ಮುಚ್ಚಿದ ಕೆಂಡದ ಹಾಗೆ ಉರಿ ಇದೆ ಅಂತ ತೋರಿಸುತ್ತೆ ಇದು. ರಕ್ತನಾಳಕ್ಕೆ, ಹೃದಯಕ್ಕೆ ಒಳ್ಳೇದಲ್ಲ. ಜ್ವರ, ನೆಗಡಿಯಿಂದ ಬಂದಿದ್ದೂ ಅಲ್ಲ. ಹೋದ ಸಲವೂ ಇಷ್ಟೇ ಇತ್ತು.”

“ಹಾಗಾದ್ರೆ... ಅವತ್ತಿನ ಚಾಕೊಲೇಟಿಂದ ಅಲ್ವಾ?” ಎಂದಳು ಎಲ್ಮಿ.

“ಅಲ್ಲ. ಒಂದು ಬೆಳಗಿನದಲ್ಲ ಇದು, ವರ್ಷಗಟ್ಟಲೆ ತಿಂದಿದ್ದರದ್ದು. ಅಪ್ಪನಿಗೂ ಹೀಗೇ ಶುರುವಾಗಿತ್ತೋ ಏನೋ. ಆದರೆ ಹುಡುಗಿ ಇನ್ನೂ ಚಿಕ್ಕವಳು. ಈಗಲೇ ತಿದ್ದಿಕೊಂಡ್ರೆ ಇಳಿಯುತ್ತೆ.”

ಒಂದು ಲೋಟದ ಪಾಪವನ್ನು ನಗುನಗುತ್ತ ಹೊರಲು ಬಂದಿದ್ದ ಎಲ್ಮಿಯ ಹೆಗಲಿಗೆ ಐದು ವರ್ಷದ್ದು ಬಿದ್ದಿತ್ತು! ವಾರವಿಡೀ ನಾಲಿಗೆ ಮಸೆದುಕೊಂಡಿದ್ದ ನೇಯ್ದಿ, ಆ ಮುಖ ನೋಡಿ ಅತ್ತೆಗೆ ಕುರ್ಚಿ ಸರಿಸಿದಳು.

“ಹಸಿವಿಲ್ದೆ ಯಾಕೆ ತಿಂದ್ಯೇ ಮರಿ?” ಅಜ್ಜಿ ಸಾಸಿಲ್‌ಳತ್ತ ತಿರುಗಿದಳು. “ಬೇಡ ಅನ್ನಬಾರದಿತ್ತಾ?”

“ಬೇಡ ಅಂದ್ರೆ ನೀನು ಅಳ್ತಿದ್ದೆ ಅಜ್ಜೀ...” ಸಾಸಿಲ್ ನೆಲ ನೋಡುತ್ತ ಅಂದಳು. “ಅಪ್ಪ ಉಪವಾಸ ಹೋದ ಅಂತ ಅಳ್ತಿದ್ದೆ.”

ಮುದುಕಿ ಮೊಮ್ಮಗಳ ದುಂಡು ಕೆನ್ನೆಗಳನ್ನು ಎರಡೂ ಕೈಯಲ್ಲಿ ಹಿಡಿದಳು. “ಅತ್ಕೊಳ್ತೀನಿ ಬಿಡು ನಾನು. ಅತ್ತರೆ ಸಾಯಲ್ಲ. ನೀನು ಬೇಡ ಅನ್ನು, ಕೇಳಿಸ್ತಾ?”

ಅಂದು ಮಧ್ಯಾಹ್ನ ಎಲ್ಮಿ ಹುರುಳಿಯ ಪಲ್ಯ ಬಡಿಸಿದಳು. ಸೌಟು ಎರಡನೇ ಸಲ ತಟ್ಟೆಯತ್ತ ಬಂದಾಗ ಸಾಸಿಲ್ ಕೈ ಅಡ್ಡ ಹಿಡಿದು, “ಸಾಕು ಅಜ್ಜಿ” ಎಂದಳು.

ಎಲ್ಮಿಯ ಕಣ್ಣು ತುಂಬಿ ಹರಿಯಿತು. ನೇಯ್ದಿ ಎದ್ದು ಬಂದು ಅತ್ತೆಯ ಕೈಯಿಂದ ಸೌಟು ತೆಗೆದುಕೊಂಡಳು; ಪಕ್ಕದಲ್ಲಿ ಕುಳ್ಳಿರಿಸಿಕೊಂಡಳು. ಸಾಸಿಲ್ ಅಜ್ಜಿಯತ್ತ ನೋಡುತ್ತಲೇ ತಟ್ಟೆ ಎತ್ತಿಕೊಂಡು ತೊಳೆಯಲು ಹೋದಳು.