ಬಂಜೆಯೇ ಬೇಕೆಂದವನು

"ಹೆಣ್ಣಿಗೆ ಮಕ್ಕಳಾಗಲ್ಲ ಅನ್ನೋದು ಖಾತ್ರಿ ತಾನೇ?"

ಹೆಣ್ಣು ಕೇಳಲು ಬಂದವನ ಮೊದಲ ಮಾತೇ ಇದು! ಪರದೆಯ ಹಿಂದೆ ನಿಂತಿದ್ದ ಮೆಹರ್ ಬಾನುವಿಗೆ ಮೈಯೆಲ್ಲ ಉರಿದುಹೋಯಿತು.

ಮದುವೆ ಕುದುರಿಸಲು ಬಂದಿದ್ದ ಅಖ್ತರ್ ಬೀ ಸುಮ್ಮನಿರುವವಳೇ? ಹೆಣ್ಣು ಮೊದಲ ಗಂಡನ ಜೊತೆ ಏಳು ವರ್ಷ ಸಂಸಾರ ಮಾಡಿದರೂ ಒಂದು ದಿನವೂ ಹುಳಿ ಬಯಸಿದವಳಲ್ಲ ಎಂದು ಎದೆ ತಟ್ಟಿ ಹೇಳಿದಳು. ಸಂತೆಯಲ್ಲಿ ಎಮ್ಮೆ ಮಾರುವವರೂ ಇಷ್ಟು ಧೈರ್ಯವಾಗಿ ಮಾತಾಡುವುದಿಲ್ಲ, ಬಿಡಿ.

ಅದು ೧೯೫೮. ಭದ್ರಾವತಿಯ ಜನ್ನಾಪುರದಲ್ಲಿದ್ದ ಗಂಡ, ಮಕ್ಕಳಾಗಲಿಲ್ಲವೆಂದು ತಲಾಖ್ ಕೊಟ್ಟ ಮೇಲೆ ಮೆಹರ್ ಶಿವಮೊಗ್ಗದ ಅಣ್ಣ ನಸರುಲ್ಲಾನ ಮನೆ ಸೇರಿ ಎರಡು ವರ್ಷವಾಗಿತ್ತು. ಬಸುರಿ ಅತ್ತಿಗೆ ಇವಳ ಕೈಯಿಂದ ನೀರನ್ನೂ ಕುಡಿಯಲಿಲ್ಲ. ಕೂಸಿಗೆ ಹೆಸರಿಟ್ಟ ದಿನ ಊರಿಗೆಲ್ಲ ಅಡುಗೆ ಬೇಯಿಸಿದವಳು ಇವಳೇ. ಎತ್ತಿಕೊಳ್ಳಲು ಹೋದಾಗ ಮಾತ್ರ ಅತ್ತಿಗೆ ಕೂಸನ್ನು ಸೆರಗಿನಲ್ಲಿ ಮುಚ್ಚಿಕೊಂಡಳು.

ಈಗ ಈ ನಿಯಾಜ್! ಅದೇ ಜನ್ನಾಪುರದ ಲಾರಿ ಡ್ರೈವರ್. ಹೆಂಡತಿ ತೀರಿಕೊಂಡಿದ್ದಾಳೆ, ಐದು ವರ್ಷದ ಮಗಳಿದ್ದಾಳೆ.

'ಮಗಳ ಪಾಲು ಕೇಳುವವರು ಹುಟ್ಟಬಾರದು... ಅದಕ್ಕೇ ನಾನು ಬೇಕು,' ಎಂದುಕೊಂಡಳು ಮೆಹರ್. ಇನ್ನು ತಡೆಯಲಾಗಲಿಲ್ಲ.

"ಮಗಳಿಗೆ ಆಯಾ ಬೇಕಿದ್ರೆ ಬೇರೆ ಕಡೆ ಹುಡುಕ್ಕೊಳ್ಳಿ," ಎಂದಳು ಒಳಗಿನಿಂದಲೇ.

ಅಣ್ಣ ಗದರಿದ. ನಿಯಾಜ್ ಅವನನ್ನು ಸುಮ್ಮನಿರಿಸಿದ. ಪರದೆಯ ಕಡೆಗೆ ತಿರುಗಿ ಕೂತ.

"ನನ್ನ ಹೆಂಡ್ತಿ ಎರಡನೇ ಹೆರಿಗೇಲಿ ಹೋದ್ಲು. ಮೂರು ದಿನ ಒದ್ದಾಡಿದ್ಲು... ಬಾಗಿಲಾಚೆ ಕೂತು ಕೇಳಿಸ್ಕೊಂಡಿದೀನಿ. ಇನ್ನೊಬ್ಬಳನ್ನ ಹಾಗೆ ಕಳಿಸೋ ಶಕ್ತಿ ನಂಗಿಲ್ಲ. ಬದುಕಿರೋ ಹೆಂಡ್ತಿ ಬೇಕು. ಅದಕ್ಕೇ ಕೇಳ್ದೆ."

ಮೆಹರ್‌ಗೆ ಅಳು ಉಕ್ಕಿ ಬಂತು. ಅವನ ಮೇಲೆ ಮರುಕ ಹುಟ್ಟಿತು, ಆದರೆ ಸಿಟ್ಟೂ ಹೋಗಲಿಲ್ಲ. ಎಲ್ಲರೂ ಹಳಿದದ್ದನ್ನೇ ಇವನು ಬೇಡಿಕೊಂಡು ಬಂದಿದ್ದಾನೆ... ಆದರೂ ಹಳೆಯ ಗಂಡನ ಆ ಜನ್ನಾಪುರಕ್ಕೇ ಮತ್ತೆ ಹೋಗಬೇಕಲ್ಲ!

"ಜನ್ನಾಪುರದಲ್ಲಿ ನನ್ನನ್ನ ಬಂಜೆ ಅಂತಾನೇ ಕರೆಯೋದು," ಎಂದಳು.

"ಅವರ ಬಾಯಿ ಮುಚ್ಚಿಸ್ತೀನಿ ಅಂತ ಸುಳ್ಳು ಹೇಳಲ್ಲ. ನಾನು ಮಾತ್ರ ಹೆಸರು ಹಿಡಿದೇ ಕರೀತೀನಿ." ಅವನು ತಡವರಿಸಿದ. "ನಿಮ್ಮ ಹೆಸರು ನಂಗೆ ಯಾರೂ ಹೇಳೇ ಇಲ್ಲ..."

ಅಣ್ಣ ಬಾಯಿ ತೆರೆಯುವ ಮೊದಲೇ ಅವಳು ಹೇಳಿದಳು.

"ಮೆಹರ್ ಬಾನು."

"ಮೆಹರ್ ಬಾನು... ಬರ್ತೀರಾ?"

"ಬರ್ತೀನಿ. ಆದ್ರೆ ನಂಗೆ ನನ್ನದೇ ಒಂದು ಮಗು ಬೇಕು ಅನ್ನಿಸ್ತಾನೇ ಇರುತ್ತೆ. ಅದಕ್ಕೆ ಅಳ್ತೀನಿ... ಬೈಬಾರ್ದು."

"ಬೈಯಲ್ಲ. ಪಕ್ಕದಲ್ಲೇ ಕೂತಿರ್ತೀನಿ."